ಅಮ್ಮ ಬಂದುಹೋದ ಮೇಲೆ

ಮಿರಜಿನಲ್ಲಿ ಅವ್ವನ ಎದೆಯ ಕ್ಯಾನ್ಸರಿನ ಗಂಟನ್ನು ಕೊಯ್ದು ತೆಗೆದ ಮರುವರ್ಷ, ಹುಕ್ಕೇರಿಯ ನಮ್ಮ ಮನೆಯಲ್ಲಿ ಆಕೆಯ ಮೈಮೇಲೆ ಅಮ್ಮ ಎದ್ದಳು. ಈಗಿನವರು ಅದನ್ನು ಚಿಕನ್‌ಪಾಕ್ಸ್ ಎನ್ನುತ್ತಾರೆ. ದೇವಿ ಮನೆಯಲ್ಲಿರುವಾಗ ಒಗ್ಗರಣೆ ಹಾಕುವಂತಿಲ್ಲ, ಔಷಧ ಕೊಡುವಂತಿಲ್ಲ. ಅವ್ವ ಬೇವಿನ ಸೊಪ್ಪಿನ ಮೇಲೆ ಮಲಗಿದ್ದಳು. ಹಾಲು ಒಡೆದರೂ ಸೊಸೆಯನ್ನೇ ದೂರುತ್ತಿದ್ದ ನಮ್ಮ ಅಜ್ಜಿ, ಆ ದಿನಗಳಲ್ಲಿ ಅದೇ ಸೊಸೆಯನ್ನು ‘ತಾಯಿ’ ಎಂದು ಕರೆದು ಕೈಮುಗಿದಳು.

ಮೊಸರನ್ನದ ಎಡೆ ಹಿಡಿದು ದೇವಿಯನ್ನು ಕಳಿಸಿಕೊಟ್ಟೆವು. ತಿಂಗಳೊಳಗೆ ಅವ್ವನ ಬಗಲಲ್ಲಿ ಮತ್ತೆ ಗಂಟು ಕಂಡಿತು. ಮತ್ತೆ ಅದೇ ಬಸ್ಸು, ದವಾಖಾನೆಯಲ್ಲಿ ಕೂತು ಕಾಯುವ ಅದೇ ಬಾಕು. ನನಗೆ ಅಳುವಷ್ಟೂ ತ್ರಾಣ ಉಳಿದಿರಲಿಲ್ಲ.

“ಅಮ್ಮ ಬಂದ ಜ್ವರದಿಂದನ ಇದು ಹೊಳ್ಳಿ ಬಂತೇನ್ರಿ?” ಎಂದು ಡಾಕ್ಟರರನ್ನು ಕೇಳಿದೆ.

“ಹೇಳಾಕ ಬರಂಗಿಲ್ಲವ್ವಾ,” ಎಂದರು ಅವರು.

ಅವ್ವ ಸೆರಗು ಸರಿಮಾಡಿಕೊಳ್ಳುತ್ತ, “ಅಮ್ಮ ಬರೂಕಿಂತ ಮೊದಲ ಇತ್ರಿ ಗಂಟು. ನನ್ನ ಕೈಗೆ ಹತ್ತಿತ್ತು,” ಎಂದಳು.

ಆಮೇಲೆ ಎಷ್ಟೋ ಡಾಕ್ಟರರನ್ನು ಇದನ್ನೇ ಕೇಳಿ ಸಾಕಾಗಿದೆ. ಒಬ್ಬೊಬ್ಬರದು ಒಂದೊಂದು ಮಾತು. ಅವ್ವ ಹೇಳಿದ್ದಾದರೂ ನಿಜವೋ ಅಲ್ಲವೋ, ಅದೂ ನನಗೆ ಗೊತ್ತಿಲ್ಲ. ಅಂದು ಊರಿಗೆ ಮರಳುವ ಬಸ್ಸಿನಲ್ಲಿ, “ಖರೇನ ಮೊದಲ ಇತ್ತೇನಬೇ?” ಎಂದು ಕೇಳಿದ್ದೆ.

ಅವ್ವ ಕಿಟಕಿಯಾಚೆ ನೋಡುತ್ತ ಹೇಳಿದಳು: “ಮನಿಗೆ ಬಂದಾಕಿ ಮ್ಯಾಲ ಎಲ್ಲಾ ಹೊರಸಿದ್ರ ಹೆಂಗಿರತೈತಿ, ನನಗ ಗೊತ್ತೈತಿ. ಆ ಅಮ್ಮಗ ಅದು ಬ್ಯಾಡ.”