ಮುಚ್ಚಿದ ಕೊರಳು

ಬೀದಿಯವರು ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ಟೇಪು ಹಿಡಿಯುವ ಮೊದಲೇ ಎದೆ, ಸೊಂಟ, ತೋಳು ಎಲ್ಲವನ್ನೂ ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಅವಳ ಕಿಟಕಿ ದಾಟುವಾಗ ಗಂಡಸರು ಹೊಟ್ಟೆ ಒಳಗೆಳೆದುಕೊಂಡು ನಡೆಯುತ್ತಾರೆ ಎಂದು ನಾದಿನಿ ನಗುತ್ತಿದ್ದಳು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ ಹಾಕಿಕೊಂಡು ಇಬ್ಬರೂ ಕೂತು ಇಪ್ಪತ್ತೆರಡು ವರ್ಷವಾಗಿತ್ತು.

ಅಳತೆಯಮ್ಮ ಕೂತರೆ ಏಳುವವಳಲ್ಲ. ಊಟಕ್ಕೆ ಪುರಸೊತ್ತಿಲ್ಲವೆಂದು ಬನ್ನು, ಬಿಸ್ಕತ್ತು, ಮೂರು ಚಮಚ ಸಕ್ಕರೆ ಹಾಕಿದ ಟೀಯಲ್ಲೇ ದಿನ ತಳ್ಳುತ್ತಿದ್ದಳು. ಐವತ್ತಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದಾಗ ಒಂದು ತಿಂಗಳು ಮಾತ್ರೆ ನುಂಗಿ ಬಿಟ್ಟುಬಿಟ್ಟಳು. ಎಲ್ಲೂ ನೋವಿರಲಿಲ್ಲ. ನೋಯದೇ ಇರುವುದು ಎಂಥ ಕಾಯಿಲೆ ಎಂದುಕೊಂಡಳು.

ಆರು ವರ್ಷದ ಮೇಲೆ ಒಂದು ಸಂಜೆ, ಮಡಚುತ್ತಿದ್ದ ಶಾಲೆಯ ಅಂಗಿಯೊಂದರ ಕೊರಳು ಮುಚ್ಚಿರುವುದು ಕೈಗೆ ತಗುಲಿತು. ತಪ್ಪಿ ಬಿದ್ದ ಹೊಲಿಗೆಯಲ್ಲ, ಅಂಚಿಗೆ ಅಂಚು ಕೂಡಿಸಿ ಅಚ್ಚುಕಟ್ಟಾಗಿ ಹೊಲಿದದ್ದು. ನಾದಿನಿ ತಾನು ಮುಟ್ಟಿಲ್ಲವೆಂದಳು. ಮುಂದಿನ ವಾರ ಒಂದು ಫ್ರಾಕು, ಆಮೇಲೆ ಯಾರದೋ ಮದುವೆಯ ಕೋಟು. ಮಧ್ಯಾಹ್ನ ತನಗೆ ಜೋಂಪು ಹತ್ತಿದಾಗ ಯಾರೋ ಒಳಗೆ ಬಂದು ಹೋಗುತ್ತಾರೆಂದು ಅಳತೆಯಮ್ಮ ನಂಬಿದಳು. ಬಾಗಿಲಿಗೆ ಚಿಲಕ ಹಾಕಿದಳು. ಚಿಲಕ ಹಾಕಿದ ದಿನ ಎರಡು ಕೊರಳು ಮುಚ್ಚಿದ್ದವು.

ಮರುದಿನ ಮಧ್ಯಾಹ್ನ ನಾದಿನಿ ಎಂದಿನ ಹಾಗೆ ಮಲಗುವವಳಂತೆ ಒಳಗೆ ಹೋಗಿ, ಬಾಗಿಲ ಸಂದಿಯಲ್ಲಿ ನಿಂತಳು. ಅತ್ತಿಗೆ ಬನ್ನು ತಿಂದಳು, ಟೀ ಕುಡಿದಳು, ಸ್ವಲ್ಪ ಹೊತ್ತು ಗೋಡೆ ನೋಡಿದಳು. ಮುಖ ಸಡಿಲವಾಯಿತು. ಆಮೇಲೆ ಗೂಟದಿಂದ ಒಂದು ಅಂಗಿ ತೆಗೆದು, ಕೊರಳನ್ನು ಸೂಜಿಯ ಕೆಳಗಿಟ್ಟು, ಕಾಲು ಆಡಿಸತೊಡಗಿದಳು. ನಾದಿನಿ ಹತ್ತಿರ ಹೋಗಿ, ಏನು ಮಾಡುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದಳು.

"ಬಂದಿದ್ರಲ್ಲ, ಅವರೇ ಹೇಳಿದ್ದು. ತಲೆ ಹೊರಗೆ ಬರಬಾರದಂತೆ," ಎಂದಳು, ಯಂತ್ರ ನಿಲ್ಲಿಸದೆ. ಆಮೇಲೆ ತಿರುಗಿ, ಗಿರಾಕಿಗಳಿಗೆಂದೇ ಇಟ್ಟುಕೊಂಡ ನಗು ನಕ್ಕಳು. "ನಿಮ್ದು ಯಾವ ಬಟ್ಟೆ?"

ಇಪ್ಪತ್ತೆರಡು ವರ್ಷ ಪಕ್ಕದಲ್ಲೇ ಕೂತಿದ್ದವಳು ಯಂತ್ರದ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರು ಚಿತ್ರದಲ್ಲಿದ್ದ ಸಣ್ಣ ಚುಕ್ಕೆಗಳನ್ನು ಪೆನ್ನಿನ ತುದಿಯಲ್ಲಿ ತೋರಿಸಿದರು. ವರ್ಷಗಟ್ಟಲೆ ಏರಿದ ಸಕ್ಕರೆ ಮತ್ತು ಬಿಪಿ ಮೆದುಳಿನ ಸಣ್ಣ ರಕ್ತನಾಳಗಳನ್ನು ಹಾಳುಮಾಡಿರಬಹುದು, ಸತ್ತ ಜಾಗ ಮತ್ತೆ ಬದುಕುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಲು ನೋಡಬಹುದು ಎಂದರು. ಇದಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ. ಮನೆಗೆ ಬಂದ ಅಳತೆಯಮ್ಮ, ಮುಂದೆ ತಾನು ಮತ್ತೆ ಹಾಗೆ ಹೊಲಿದರೆ ತನ್ನಿಂದ ಮುಚ್ಚಿಡಬಾರದೆಂದು ನಾದಿನಿಯಿಂದ ಮಾತು ತೆಗೆದುಕೊಂಡಳು.

ಬನ್ನಿನ ಬದಲು ಹೊತ್ತಿಗೆ ಸರಿಯಾಗಿ ಕಾಳು, ತರಕಾರಿ, ಮೊಟ್ಟೆ ಬಂದವು. ಸಪ್ಪೆ ಟೀ ಮುಂದಿಟ್ಟಾಗ, ಇದು ಲೋಟ ತೊಳೆದ ನೀರು ಕಣೇ ಎಂದು ರೇಗಿದಳು, ಆದರೂ ಕುಡಿದಳು. ಮಾತ್ರೆ ತಪ್ಪಲಿಲ್ಲ. ಬೆಳಗ್ಗೆ ಇಬ್ಬರೂ ನಡೆಯಲು ಹೋಗುತ್ತಿದ್ದರು. ಆರು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂತು, ಮಧ್ಯಾಹ್ನದ ಜೋಂಪು ಹೋಯಿತು. ಆದರೂ ಅಳತೆಗಳು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಬಟ್ಟೆ ಕತ್ತರಿಸುವುದನ್ನು ನಾದಿನಿಗೆ ಬಿಟ್ಟು, ಅವಳು ಗುಂಡಿ ಮತ್ತು ಅಂಚಿನ ಕೆಲಸಕ್ಕೆ ಕೂತಳು.

ಎಂಟನೆಯ ತಿಂಗಳಲ್ಲಿ ಒಂದು ದಿನ, ಸಂಜೆಯ ದೀಪ ಹಾಕಿದ ಮೇಲೆ, ನಾದಿನಿ ಒಂದು ಅಂಗಿ ತಂದು ಅವಳ ತೊಡೆಯ ಮೇಲಿಟ್ಟಳು.

"ಇವತ್ತು ಒಂದು ಆಗಿದೆ ಅತ್ತಿಗೆ."

ಅಳತೆಯಮ್ಮ ಬ್ಲೇಡು ಕೇಳಿ ತೆಗೆದುಕೊಂಡಳು. ಬಿಚ್ಚುವ ಮೊದಲು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು, ಈ ತುದಿಯಿಂದ ಆ ತುದಿಗೆ.

"ಎಷ್ಟು ನೇರ ಇದೆ ನೋಡು," ಎಂದಳು. "ಈಗ ನನ್ನ ಕೈಯಲ್ಲಿ ಇಷ್ಟು ನೇರ ಬರಲ್ಲ."