ರಾಹುಕಾಲದಲ್ಲಿ ಸಿಕ್ಕಿಬಿದ್ದ ಚೀಲ

ಗೆಳೆಯರೇ, ಇಂದು ನನಗೆ ಕೆಲಸದ ಸಂದರ್ಶನವಿತ್ತು. ಊರಾಚೆಯ ನಮ್ಮ ಹೊಸ ಬಡಾವಣೆಗೆ ಬೆಳಿಗ್ಗೆ ಇರುವುದು ಎಂಟರ ಬಸ್ಸೊಂದೇ. ಸೋಮವಾರದ ರಾಹುಕಾಲವೋ ಏಳೂವರೆಗೇ ಶುರು. ಅದಕ್ಕೇ ಅಮ್ಮ ಏಳಕ್ಕೇ ನನ್ನ ಸರ್ಟಿಫಿಕೇಟುಗಳ ಚೀಲವನ್ನು ಪಕ್ಕದ ಮನೆ ಸೀತಮ್ಮನವರ ಹತ್ತಿರ ಇಟ್ಟುಬಂದಳು. ಚೀಲ ಹೊರಟರೆ ಆಳು ಹೊರಟಂತೆಯೇ ಎಂಬುದು ಅವಳ ಲೆಕ್ಕ.

ಬಸ್ಸಿಗೆ ಹೊರಟವನು ಸೀತಮ್ಮನವರ ಬಾಗಿಲಲ್ಲಿ ನಿಂತು ಚೀಲ ಕೇಳಿದೆ.

"ರಾಹುಕಾಲ್ದಲ್ಲಿ ನಮ್ಮನೆಯಿಂದ ಒಂದು ಕಡ್ಡೀನೂ ಆಚೆ ಕೊಡಲ್ಲ ಕಣಪ್ಪ. ಒಂಬತ್ತಾಗ್ಲಿ. ಒಳಗೆ ಬಾ, ಕಾಫಿ ಕುಡಿ" ಎಂದರು ಸೀತಮ್ಮ.

ಕಾಂಪೌಂಡಿನಾಚೆಯಿಂದ ಅಮ್ಮ, "ಅವರು ಹೇಳೋದೂ ಸರೀನೇ ಕಣೋ" ಎಂದಳು.

ಬರಿಗೈಯಲ್ಲೇ ಬಸ್ಸು ಹತ್ತಿದೆ. ಆಫೀಸಿನ ಸಾಹೇಬರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, ಮೇಜಿನ ಮೇಲಿದ್ದ ಪಂಚಾಂಗ ತೆರೆದರು.

"ನಾಳೆ ಮಂಗಳವಾರ. ಮೂರು ಗಂಟೆಯೊಳಗೆ ತಂದ್ಬಿಡಿ. ಆಮೇಲೆ ರಾಹುಕಾಲ, ನಾನೂ ಏನೂ ಈಸ್ಕೊಳಲ್ಲ."

ಅವರು ನನ್ನನ್ನು ಆರಿಸುತ್ತಾರೋ ಇಲ್ಲವೋ, ಅಮ್ಮ ಮಾತ್ರ ಅವರನ್ನು ಆಗಲೇ ಆರಿಸಿಬಿಟ್ಟಿದ್ದಾಳೆ.