ಅಕ್ರಾ ವಿಮಾನದ ಅಕ್ಕ

ರಿಸೆಷನ್ನಿನ ಕಾಲದಲ್ಲಿ ಶಿಕಾಗೋದಿಂದ ಘಾನಾದ ಅಕ್ರಾಕ್ಕೆ ಹೊರಟಿದ್ದೆ, ಪಶ್ಚಿಮ ಆಫ್ರಿಕಾದ ಒಂದು ಏರ್‌ಲೈನ್ಸಿನಲ್ಲಿ. ಚೆಕ್-ಇನ್ ಸಾಲಿನಲ್ಲಿ ಅರ್ಧ ಜನ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ತೂಕ ಹೊಂದಿಸುತ್ತಿದ್ದರು. ಥೇಟ್ ನಮ್ಮ ಬೆಂಗಳೂರು ಫ್ಲೈಟೇ, ಉಪ್ಪಿನಕಾಯಿ ವಾಸನೆಯೊಂದಿಲ್ಲ ಅಷ್ಟೆ.

ನನ್ನ ಮುಂದಿದ್ದ ಘಾನಾದ ಹೆಂಗಸು ಡೆಟ್ರಾಯಿಟಿನ ಕಾರು ಕಾರ್ಖಾನೆಯ ಕೆಲಸ ಕಳೆದುಕೊಂಡು, ಊರಲ್ಲಿ ಬ್ಯೂಟಿ ಪಾರ್ಲರ್ ತೆರೆಯಲು ಹೊರಟವಳು. ತಲೆಯ ಮೇಲೆ ಕವುಚುವ ದೊಡ್ಡ ಹೇರ್ ಡ್ರೈಯರಿನಿಂದ ಅವಳ ಲಗೇಜು ಮಿತಿ ಮೀರಿತ್ತು. ಕೌಂಟರಿನವನು ಆಗೋದಿಲ್ಲ ಎಂದುಬಿಟ್ಟ.

"ಇದಿಲ್ಲದೆ ಅಲ್ಲಿಗೆ ಹೋಗಿ ಏನು ಮಾಡಲಿ?" ಎಂದವಳ ಕಣ್ಣು ನನ್ನ ಪುಟ್ಟ ಬ್ಯಾಗಿನ ಮೇಲೆ ಬಿತ್ತು. "ಸಿಸ್ಟರ್, ನಿನ್ನ ಹೆಸರಲ್ಲಿ ಹಾಕ್ತೀಯಾ?"

ಶಿಕಾಗೋ ಪಕ್ಕದ ಅರೋರಾ ಊರಿನ ನಮ್ಮ ಆಂಟಿಯರಿಗೆಲ್ಲ ಬೆಂಗಳೂರಿನಿಂದ ಕುಕ್ಕರು, ಒಬ್ಬಟ್ಟಿನ ಹೆಂಚು ಹೊತ್ತು ತಂದು ಪಳಗಿದವಳು ನಾನು. ಹೂಂ ಎಂದೆ.

ಕೌಂಟರಿನವನು ಎಲ್ಲ ಕಣ್ಣಾರೆ ನೋಡಿದ್ದ. ಆದರೂ ನಿಯಮ ನೋಡಿ, ಕೇಳಲೇಬೇಕು. "ಅಪರಿಚಿತರು ಏನಾದರೂ ಕೊಟ್ಟಿದ್ದಾರಾ?"

"ಇಲ್ಲ, ಇದು ನಮ್ಮಕ್ಕನದು."

ಅವನು ಇಬ್ಬರ ಮುಖವನ್ನೂ ನಿಧಾನವಾಗಿ ನೋಡಿದ. "ಒಂದೇ ತಾಯಿನಾ?"

"ಇಲ್ಲಪ್ಪ, ಒಂದೇ ತಂದೆ," ಎಂದಳು ಅವಳು, ಸ್ವಲ್ಪವೂ ನಗದೆ. "ಬಹಳ ಊರು ಸುತ್ತೋನು."

ಡ್ರೈಯರಿಗೆ ಟ್ಯಾಗ್ ಬಿತ್ತು. ತುಟಿ ಕಚ್ಚಿಕೊಂಡೇ ಅವನು ನಮಗೆ ಅಕ್ಕಪಕ್ಕದ ಸೀಟು ಕೊಟ್ಟ.

ಮೈಸೂರು ಬಿಟ್ಟರೆ ಮದ್ರಾಸನ್ನಷ್ಟೇ ಕಂಡಿರುವ ನಮ್ಮಪ್ಪನಿಗೆ ಈ ವಿಷಯ ನಾನಿನ್ನೂ ತಿಳಿಸಿಲ್ಲ.